ಹಳೇ ಅಡತಿ ಮನೆಯಲ್ಲಿ ರವಿವಾರದ ರೊಟ್ಟಿ ಊಟ

ನಮ್ಮಲ್ಲಿ ಊಟ ಶನಿವಾರ, ರವಿವಾರ ಮಾತ್ರ. ಅದೂ ಮಧ್ಯಾಹ್ನ. ಇಷ್ಟು ಚೆಂದದ ಮನೆ ಇಟ್ಕೊಂಡು ವಾರಕ್ಕೆ ಎರಡೇ ದಿನ ಯಾಕೆ, ರಾತ್ರಿನೂ ಮಾಡಿ, ದೀಪ ಹಚ್ಚಿ, ಜನ ಮುಗಿಬೀಳ್ತಾರೆ ಅಂತ ಬಂದವರು ಹೇಳುತ್ತಾರೆ. ಊಟದ ಹೊತ್ತಿನಲ್ಲಿ ಉತ್ತರ ಕೊಡಲು ಪುರುಸೊತ್ತಿರುವುದಿಲ್ಲ. ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ. ಹಳೇ ಮನೆ ಇದ್ದವರು ಇಂಥದ್ದಕ್ಕೆ ಕೈಹಾಕಬೇಕು ಅಂತಿದ್ದರೆ ಉಪಯೋಗಕ್ಕೆ ಬಂದೀತು.

ಮನೆ ಇರೋದು ಗದಗಿನ ಹಳೇ ಪೇಟೆಯಲ್ಲಿ. ನಮ್ಮ ಮಾವನವರ ಅಜ್ಜ ಕಟ್ಟಿಸಿದ್ದು. ಅವರದು ಹತ್ತಿ ಅಡತಿ, ಅಂದರೆ ರೈತರ ಹತ್ತಿಯನ್ನು ದಲಾಲಿ ಹಿಡಿದು ಮಾರಿಸಿಕೊಡುವ ವ್ಯಾಪಾರ. 1884ರಲ್ಲಿ ಸೊಲ್ಲಾಪುರದ ಹತ್ತಿರದ ಹೊಟಗಿ ಕಡೆಯಿಂದ ಗದಗಿಗೆ ರೈಲು ಬಂತು. ಆಮೇಲೆ ಈ ಊರಿನ ಹತ್ತಿ ವ್ಯಾಪಾರದ ವರಸೆಯೇ ಬದಲಾಯಿತು. ನಮ್ಮ ಮನೆಯ ತೇಗದ ಕಂಬಗಳು ಬಂದಿದ್ದು ಅದೇ ದುಡ್ಡಿನಲ್ಲಿ. ಕೆಳಗಿನ ಪಡಸಾಲೆಯಲ್ಲಿ ಹತ್ತಿ ಅಂಡಿಗೆ ಇಡುತ್ತಿದ್ದರು. ಮೇಲಿನ ಪಡಸಾಲೆಯಲ್ಲಿ ಗಾದಿ, ಲೆಕ್ಕದ ಪೆಟ್ಟಿಗೆ. ಎರಡರ ನಡುವೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ನಡುವಿನ ತೊಲೆಗೆ ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿ ಇನ್ನೂ ಇದೆ. ಹೆಬ್ಬೆರಳಿನಷ್ಟು ದಪ್ಪ. ಸರಪಳಿ ಉಜ್ಜಿ ಉಜ್ಜಿ ಅದರ ಒಳಮೈ ಸವೆದು ಹೊಳೆಯುತ್ತದೆ. ಅಲ್ಲಿ ಗಾಜಿನ ದೀಪ ತೂಗುಬಿಡಿ, ಫೋಟೋಕ್ಕೆ ಚೆಂದ ಅಂತ ಸಲಹೆ ಕೊಟ್ಟವರಿದ್ದಾರೆ. ನಾವು ಅದನ್ನು ಮುಟ್ಟಿಲ್ಲ.

ಇಂಥ ಮನೆಯಲ್ಲಿ ಊಟ ಹಾಕಬೇಕಾದರೆ ಮೊದಲು ಏನು ಅಡುಗೆ ಅಂತ ಯೋಚಿಸಬಾರದು. ಮನೆ ಏನು ತಡೆಯುತ್ತದೆ ಅಂತ ನೋಡಬೇಕು. ನಮ್ಮಲ್ಲಿ ಎಲ್ಲಾ ತೀರ್ಮಾನ ಆಗಿದ್ದು ಹಾಗೆಯೇ.

ಮೊದಲು ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಏಸಿ ಹಾಕಿಸಿ ಅನ್ನೋರು ಒಂದು ತಾಸು ಕೆಳಗಿನ ಪಡಸಾಲೆಯಲ್ಲಿ ಕೂತರೆ ಸಾಕು, ಆ ಮಾತು ಬಿಡುತ್ತಾರೆ. ಏಸಿಗಾಗಿ ಬೆಳಕಿಂಡಿ ಮುಚ್ಚಿದರೆ ಮನೆಯ ಉಸಿರೇ ಕಟ್ಟುತ್ತದೆ. ಆದರೆ ಈ ತಂಪು ಪುಕ್ಕಟೆ ಸಿಗುವುದಿಲ್ಲ. ಪ್ರತಿ ವರ್ಷ ಮುಂಗಾರು ಹಿಡಿಯುವ ಮೊದಲು ಮಾಳಿಗೆ ಮೇಲೆ ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು, ಹರವಬೇಕು. ಅದು ನೆನೆದರೆ ಕೂಡಿಕೊಂಡು ಗಟ್ಟಿಯಾಗಿ ನೀರು ಕೆಳಗೆ ಬಿಡುವುದಿಲ್ಲ. ಮಣ್ಣು ಸಿಗುತ್ತದೆ. ಅದನ್ನು ಏಣಿ ಹತ್ತಿ ಹೊರುವವರು ಈಗ ಸಿಗುವುದು ಕಷ್ಟ.

ಗೋಡೆಯದೂ ಒಂದು ಮಾತು ಹೇಳಬೇಕು. ಮಾವನವರ ಕಾಲದಲ್ಲಿ ಒಂದು ಕೋಣೆಗೆ ಸಿಮೆಂಟ್ ಗಿಲಾವು ಆಗಿತ್ತು. ಮಣ್ಣಿನ ಗೋಡೆಯ ತೇವ ಹೊರಗೆ ಬರಲು ದಾರಿ ಇಲ್ಲದೆ ಅದು ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಪೂರ್ತಿ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣ, ಉಸುಕು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಈ ಕೆಲಸ ಗೊತ್ತಿರುವ ಗೌಂಡಿಯನ್ನು ಹುಡುಕುವುದೇ ದೊಡ್ಡ ಕೆಲಸ. ಸಿಕ್ಕರೆ ಅವರು ಹೇಳಿದಷ್ಟು ದಿನ ಕೊಡಿ, ಅವಸರ ಮಾಡಬೇಡಿ. ವೈರಿಂಗ್‌ಗೆ ಗೋಡೆ ಕೊರೆಸಲಿಲ್ಲ, ಪೈಪಿನಲ್ಲಿ ಹೊರಗಿನಿಂದಲೇ ಎಳೆಸಿದೆವು. ಶೌಚಾಲಯ ಹಿತ್ತಲಲ್ಲಿ ಬೇರೆಯಾಗಿ ಕಟ್ಟಿಸಿದೆವು.

ಇನ್ನು ಹೊಗೆ. ಒಳಗಿನ ಅಡುಗೆಮನೆಗೆ ಇರೋದು ಒಂದೇ ಬೆಳಕಿಂಡಿ. ಮನೆ ಮಂದಿಯ ಅಡುಗೆಗೆ ಸಾಕು. ಅರವತ್ತು ಜನರ ಒಗ್ಗರಣೆ ಅಲ್ಲಿ ಹಾಕಿದರೆ ಎಣ್ಣೆ ಹೊಗೆ ಜಂತಿಗೆ ಹತ್ತಿ, ಅದಕ್ಕೆ ಧೂಳು ಮೆತ್ತಿಕೊಂಡು, ಒರೆಸಲೂ ಬಾರದ ಜಿಡ್ಡಾಗುತ್ತದೆ. ಅದಕ್ಕೇ ರೊಟ್ಟಿ ಒಲೆಗಳೆಲ್ಲ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಪಲ್ಯ, ಸಾರು, ಅನ್ನ ಗ್ಯಾಸಿನ ಮೇಲೆ, ಅದೂ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ. ಸಿಲಿಂಡರ್ 19 ಕಿಲೋದ್ದು. ಮನೆಯ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ನೆನಪಿರಲಿ.

ಕರಿಯೋದಂತೂ ಇಲ್ಲವೇ ಇಲ್ಲ. ಗದಗಿನಲ್ಲಿ ಕೂತು ಬಜಿ ಇಲ್ಲದ ಊಟ ಹಾಕ್ತೀರಾ ಅಂತ ಕೇಳುತ್ತಾರೆ. ಬದನೆಕಾಯಿ ಬಜಿ, ಮಿರ್ಚಿ ಬಜಿ ಬೇಕಾದರೆ ಸಂಜೆ ಹೊರಗೆ ಹೋಗಿ, ಗಾಡಿಗಳಲ್ಲಿ ಬಿಸಿಬಿಸಿ ಸಿಗುತ್ತದೆ. ಅವರಿಗಿಂತ ಚೆನ್ನಾಗಿ ನಾವು ಮಾಡಲಾರೆವು. ಹುಡುಗರು ಗೋಬಿ ಮಂಚೂರಿ ಕೇಳಿದರೆ ಅದಕ್ಕೂ ಅದೇ ಉತ್ತರ.

ಈಗ ರೊಟ್ಟಿ. ನಮ್ಮ ಊಟದ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ.

ಪಡಸಾಲೆಯಲ್ಲಿ ಐವತ್ತು ಜನ ಆರಾಮಾಗಿ ಕೂರಬಹುದು. ನಾವು ಒಂದು ಪಂಕ್ತಿಗೆ 30 ಜನರನ್ನಷ್ಟೇ ಕೂರಿಸುತ್ತೇವೆ, ದಿನಕ್ಕೆ ಎರಡು ಪಂಕ್ತಿ. ರೊಟ್ಟಿ ಬಡಿಯೋರು ಮೂವರು. ಒಬ್ಬೊಬ್ಬರು ತಾಸಿಗೆ ನಲವತ್ತು ರೊಟ್ಟಿ ತೆಗೆಯುತ್ತಾರೆ. ಪಂಕ್ತಿ ಮುಕ್ಕಾಲು ತಾಸು ನಡೆಯುತ್ತದೆ. ಅಂದರೆ ತೊಂಬತ್ತು ರೊಟ್ಟಿ, ಆಳಿಗೆ ಮೂರು. ಐವತ್ತು ಜನ ಕೂತರೆ ಮೊದಲೇ ಬಡಿದಿಟ್ಟ ರೊಟ್ಟಿ ಹಾಕಬೇಕಾಗುತ್ತದೆ. ಮುಚ್ಚಿಟ್ಟ ಬಿಸಿರೊಟ್ಟಿ ಬೆವರಿ ತೊಗಲಿನ ಹಾಗೆ ಆಗುತ್ತದೆ. ಅದನ್ನು ಹಾಕೋದಾದರೆ ಖಡಕ್ ರೊಟ್ಟಿನೇ ವಾಸಿ. ಖಡಕ್ ರೊಟ್ಟಿಯೂ ಬುಟ್ಟಿಯಲ್ಲಿರುತ್ತದೆ, ಕೇಳಿದವರಿಗೆ ಕೊಡುತ್ತೇವೆ. ಆದರೆ ಹುಬ್ಬಳ್ಳಿಯಿಂದ ಗಾಡಿ ಹೊಡೆದುಕೊಂಡು ಬರೋರು ಅದಕ್ಕಾಗಿ ಬರೋದಿಲ್ಲ ಅಲ್ವಾ?

ಜೋಳ ಹಿಂಗಾರಿಯದು, ಎರಿ ಹೊಲದ್ದು, ಅಂದರೆ ಕಪ್ಪು ಮಣ್ಣಿನದು. ಸುಗ್ಗಿ ಮುಗಿದ ಕೂಡಲೇ ವರ್ಷಕ್ಕಾಗುವಷ್ಟು ಕೊಂಡು, ಒಣಗಿಸಿ, ಬೇವಿನ ಎಲೆ ಹಾಕಿ ಇಡುತ್ತೇವೆ. ನಮಗೆ ಮಾಲದಂಡಿ ತಳಿ ಇಷ್ಟ. ಕಾಳು ದುಂಡಗೆ, ಮುತ್ತಿನ ಬಣ್ಣ, ರೊಟ್ಟಿ ಸಿಹಿ. ಬೀಸಿಸುವುದು ಶುಕ್ರವಾರ ಸಂಜೆ, ಎರಡು ದಿನಕ್ಕಾಗುವಷ್ಟೇ. ಕಿಲೋ ಹಿಟ್ಟಿಗೆ ಹನ್ನೆರಡು ಹದಿನಾಲ್ಕು ರೊಟ್ಟಿ ಹಿಡಿದರೆ ದಿನಕ್ಕೆ 15 ಕಿಲೋ ಬೇಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಒಮ್ಮೆ ಗಿರಣಿಯಲ್ಲಿ ಕರೆಂಟಿಲ್ಲ ಅಂತ ಅಂಗಡಿಯ ಹಿಟ್ಟು ತಂದೆವು. ರೊಟ್ಟಿ ಬಡಿಯುವ ಹಿರಿಯಾಕೆ ಹಿಟ್ಟನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಅಕ್ಕಾರ, ಇದು ಹಳೇದೈತ್ರಿ. ನನ್ನ ಕೈಗೆ ಕೆಟ್ಟ ಹೆಸರು ಬರ್ತೈತಿ, ನಂಗ ಬ್ಯಾಡ."

ಆವತ್ತು ಅವರ ಮನೆಯಿಂದಲೇ ಹಿಟ್ಟು ಬಂತು.

ಜೋಳದಲ್ಲಿ ಗೋಧಿಯ ಅಂಟಿಲ್ಲ. ಆ ಕೆಲಸವನ್ನು ಕುದಿಯುವ ನೀರು ಮಾಡಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಮರಳುವ ನೀರು ಹೊಯ್ದು, ಚಮಚದಿಂದ ಕಲಸಿ, ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದುತ್ತಾರೆ. ಒಂದೇ ಸಲ ರಾಶಿ ಹಿಟ್ಟು ಕಲಸುವುದಿಲ್ಲ, ನಾಕೈದು ರೊಟ್ಟಿಗಾಗುವಷ್ಟು ಮಾತ್ರ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯುತ್ತಾರೆ, ರೊಟ್ಟಿ ತಾನೇ ತಿರುಗುತ್ತಾ ದೊಡ್ಡದಾಗುತ್ತದೆ. ಹಂಚಿಗೆ ಹಾಕುವಾಗ ಒಣ ಹಿಟ್ಟಿನ ಮೈ ಮೇಲೆ ಬರಬೇಕು. ಅದಕ್ಕೆ ಒದ್ದೆ ಅರಿವೆಯಿಂದ ನೀರು ಸವರಬೇಕು. ನೀರು ಆರುತ್ತಿದ್ದ ಹಾಗೆ ಮಗುಚಬೇಕು. ತಡವಾದರೆ ಬಿರುಕು, ಬೇಗ ಮಗುಚಿದರೆ ಹಂಚಿಗೆ ಹತ್ತುತ್ತದೆ. ಕೊನೆಗೆ ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸಿದರೆ ಉಬ್ಬುತ್ತದೆ. ಉಬ್ಬಿದ್ದು ಎಲೆಗೆ ಬೀಳುವ ಹೊತ್ತಿಗೆ ಹಬೆ ಇರಬೇಕು. ಹಿತ್ತಲಿಂದ ಪಡಸಾಲೆಗೆ ಓಡಾಡಲು ಇಬ್ಬರು ಹುಡುಗರು ಬೇಕೇ ಬೇಕು.

ಈ ಮೂವರು ಉಳಿದ ದಿನ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ಕತ್ತಲಾಗುವ ಮೊದಲು ಮನೆ ಸೇರಬೇಕು ಅವರಿಗೆ. ವಾರಕ್ಕೆ ಎರಡೇ ದಿನ, ಮಧ್ಯಾಹ್ನ ಮಾತ್ರ ಯಾಕೆ ಅಂದರೆ ಇದೇ ಕಾರಣ. ಮಷೀನು ತಂದರೆ ದಿನಾ ನಡೆಸಬಹುದು ಅಂತ ನಮ್ಮ ಮನೆಯವರು ಲೆಕ್ಕ ಹಾಕಿದ್ದರು. ನಾನು ಒಪ್ಪಲಿಲ್ಲ.

ರೊಟ್ಟಿ ಜೊತೆ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಕಿ ಸೊಪ್ಪು. ಆಮೇಲೆ ಅನ್ನ, ಸಾರು, ಮಜ್ಜಿಗೆ. ಸಿಹಿಗೆ ಶೇಂಗಾ ಹೋಳಿಗೆ ಇಲ್ಲವೇ ಗೋಧಿ ಹುಗ್ಗಿ. ಸಂಕ್ರಾಂತಿ ಆಸುಪಾಸಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ, ಅದಕ್ಕೇ ಅಂತ ಬರೋರೂ ಇದ್ದಾರೆ.

ಎಣ್ಣೆಗಾಯಿಗೆ ಮುಳ್ಳಿನ ತೊಟ್ಟಿರುವ ಸಣ್ಣ ಬದನೆಕಾಯಿಯೇ ಆಗಬೇಕು. ತೊಟ್ಟು ತೆಗೆಯದೆ ನಾಲ್ಕು ಸೀಳು ಮಾಡಿ ಉಪ್ಪುನೀರಲ್ಲಿ ಹಾಕಿಡುತ್ತೇವೆ. ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಒಣ ಕೊಬ್ಬರಿ, ಸುಟ್ಟ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲ, ಮಸಾಲೆ ಖಾರ. ಗುರೆಳ್ಳು ಜಾಸ್ತಿಯಾದರೆ ಕಹಿ, ಕಡಿಮೆಯಾದರೆ ಅದು ನಮ್ಮ ಕಡೆಯ ಎಣ್ಣೆಗಾಯಿ ಅನಿಸುವುದಿಲ್ಲ. ಮೆಣಸಿನಕಾಯಿ ಬ್ಯಾಡಗಿ. ಬಣ್ಣ ಅದರದು, ಖಾರ ಕಡಿಮೆ. ಖಾರಕ್ಕೆ ಗುಂಟೂರಿನದು ಸ್ವಲ್ಪ ಬೆರೆಸುತ್ತೇವೆ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ, ಅಂದರೆ ಇದು ಆ ಭಾಗದ್ದೇ ಅನ್ನುವ ಗುರುತು, ಸಿಕ್ಕಿದೆ. ಆದರೆ ಹೆಸರು ಹೇಳಿ ಮಾರುವುದೆಲ್ಲ ಅಸಲಿಯಲ್ಲ. ಒಂದು ಕಾಯಿ ಮುರಿದು ಮೂಸಿ ನೋಡಿ. ಸುಕ್ಕು ಎದ್ದು ಕಾಣಬೇಕು, ಬಣ್ಣ ಕಡುಗೆಂಪಿರಬೇಕು. ನಾವು ಹಂಗಾಮಿನಲ್ಲಿ ಬ್ಯಾಡಗಿ ಪೇಟೆಗೇ ಹೋಗಿ ತರುತ್ತೇವೆ.

ನಲ್ಲಿ ನೀರು ದಿನಾ ಬರುವ ಊರಲ್ಲ ನಮ್ಮದು. ಅರವತ್ತು ಸ್ಟೀಲ್ ತಟ್ಟೆ, ಅದರ ಮೇಲೆ ಬಟ್ಟಲು, ಲೋಟ ತೊಳೆಯೋದು ಅಂದರೆ ಎಷ್ಟು ಕೊಡ ನೀರು ಬೇಕು ಲೆಕ್ಕ ಹಾಕಿ. ಮುತ್ತುಗದ ಪತ್ರಾವಳಿ ತರಿಸುತ್ತೇವೆ. ನೋಡಲು ಹಳೇ ಕಾಲದ ಹಾಗಿರಲಿ ಅಂತ ಮಾಡಿದ್ದಲ್ಲ, ನೀರಿಗಾಗಿ ಮಾಡಿದ್ದು. ನವಲಗುಂದದ ಜಮಖಾನ ಹಾಸಿದರೆ ಪಡಸಾಲೆಗೆ ಕಳೆ ಬರುತ್ತದೆ, ನಿಜ. ಎಣ್ಣೆಗಾಯಿ ಬಿದ್ದರೆ ತೊಳೆಯೋರು ಯಾರು? ಚಾಪೆ, ಮುಂದೆ ಗಿಡ್ಡ ಮಣೆ. ಮೊಣಕಾಲು ನೋವಿನವರಿಗೆ ಕಟ್ಟೆಯ ಮೇಲೆ ಕೂತು ಉಣ್ಣಲು ಎತ್ತರದ ಮೇಜು. ಹತ್ತಿ ಇಳಿಸಲು ಮಾಡಿದ ಆ ಕಟ್ಟೆ ಹಿರಿಯರಿಗೆ ಸರಿಯಾದ ಎತ್ತರದಲ್ಲಿದೆ.

ಬರುವವರಲ್ಲಿ ಅರ್ಧ ಜನ ಲಕ್ಕುಂಡಿ ನೋಡಿಕೊಂಡು ಬರುತ್ತಾರೆ. ಇಲ್ಲಿಂದ 12 ಕಿಲೋಮೀಟರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿವಿಶ್ವೇಶ್ವರ, ಬಾವಿಗಳು ಅಂತ ಬಿಸಿಲಲ್ಲಿ ಸುತ್ತಿ ಬಾಡಿರುತ್ತಾರೆ. ಉಳಿದವರು ತ್ರಿಕೂಟೇಶ್ವರ, ಕುಮಾರವ್ಯಾಸನ ವೀರನಾರಾಯಣ ಗುಡಿ ಮುಗಿಸಿ ಬಂದವರು. ಬಂದ ಕೂಡಲೇ ಮಜ್ಜಿಗೆ ಕೊಡಬೇಕು, ಮನೆಯ ಕತೆ ಹೇಳಬಾರದು. ಕತೆ ಉಂಡ ಮೇಲೆ. ಬೆಳಗಿನಿಂದ ಕಂಬ ನೋಡಿ ನೋಡಿ ಬಂದ ಒಬ್ಬರು ನಮ್ಮ ತೇಗದ ಕಂಬ ಸವರಿ "ಇದೂ ಚಾಲುಕ್ಯರದಾ?" ಅಂತ ಕೇಳಿದರು. ಇಲ್ಲರಿ, ಹತ್ತಿ ಮಾರಿದವರದು ಅಂದೆ. ಮನೆಯ ವಯಸ್ಸು ಹೆಚ್ಚಿಸಿ ಹೇಳಿದರೆ ಎರಡು ಊಟ ಜಾಸ್ತಿ ಹೋಗಬಹುದು, ಅದು ಬೇಡ.

ಪಂಕ್ತಿ ಹನ್ನೆರಡೂವರೆಗೆ ಒಂದು, ಒಂದೂಮುಕ್ಕಾಲಿಗೆ ಇನ್ನೊಂದು. ಶುಕ್ರವಾರ ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು, ಜೋಳ ಬೀಸಿಸುವುದು ಆ ಲೆಕ್ಕದ ಮೇಲೆ. ಊಟಕ್ಕೆ 200 ರೂಪಾಯಿ, ಸಣ್ಣ ಮಕ್ಕಳಿಗೆ ಇಲ್ಲ. ನಾಲ್ಕನೇ ರೊಟ್ಟಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಎರಡಕ್ಕೇ ಸಾಕು ಅನ್ನೋರು ಇರುವುದರಿಂದ ಸರಿಹೋಗುತ್ತದೆ. ಕಾಗದ ಪತ್ರದ ಕೆಲಸ ಅಂಥ ಕಷ್ಟವಲ್ಲ. ನಾವು ಶುರು ಮಾಡಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಸಣ್ಣ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಈಗ ಮಾಡುವವರು ಇವತ್ತಿನ ನಿಯಮ ನೋಡಿಕೊಳ್ಳಿ. ನಗರಸಭೆಯ ಪರವಾನಗಿ ಬೇರೆ.

ಬಂದ ದುಡ್ಡಿನಲ್ಲಿ ಮೊದಲ ಪಾಲು ರೊಟ್ಟಿ ಬಡಿಯುವವರ ಕೂಲಿ, ಅದನ್ನು ಆವತ್ತೇ ಕೊಟ್ಟು ಕಳಿಸುತ್ತೇವೆ. ಸಂತೆ, ಎಣ್ಣೆ, ಗ್ಯಾಸು ಕಳೆದು ಉಳಿದದ್ದು ಮಾಳಿಗೆಗೆ ಹೋಗುತ್ತದೆ. ಇದರಿಂದ ಶ್ರೀಮಂತರಾಗುತ್ತೇವೆ ಅಂತ ಹೊರಡಬೇಡಿ. ಮನೆ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ, ಅಷ್ಟು ಮಾತ್ರ. ಈ ವರ್ಷ ಬಡಗು ದಿಕ್ಕಿನ ಜಂತಿಗಳಿಗೆ ಗೆದ್ದಲು ಹತ್ತಿದೆ. ಹೊಸ ತೇಗ ನಮ್ಮ ಕೈಗೆ ಎಟುಕುವುದಿಲ್ಲ. ಹಳೇ ಮನೆ ಕೆಡವಿದ ಕಡೆ ಕಟ್ಟಿಗೆ ಮಾರುತ್ತಾರೆ, ಅಲ್ಲಿ ನಮ್ಮ ಅಳತೆಯ ಜಂತಿ ಕೇಳಿಟ್ಟಿದ್ದೇವೆ. ಒಂಬತ್ತು ಫೂಟಿನದು ನಾಲ್ಕು ಸಿಕ್ಕಿವೆ, ಇನ್ನೂ ಮೂರು ಬೇಕು. ಯಾರಾದರೂ ಹಳೇ ವಾಡೆ ಮನೆ ಬಿಚ್ಚುತ್ತಿದ್ದರೆ ಒಂದು ಮಾತು ತಿಳಿಸಿ.