ಹಲಸಿನ ಹಲಗೆಯ ಮೇಲೆ ಚೀಸು

"ಇದು ತಿನ್ಲಿಕ್ಕಾ, ಪೂಜೆಗಾ ಮಾರಾಯ್ತಿ?" ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು. ಬಾಳೆಲೆ, ಹಣ್ಣು, ಜೇನು ಎಲ್ಲ ಸಾಲಾಗಿ ಇಟ್ಟದ್ದು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಮಧ್ಯೆ ದೇವರ ಬದಲು ಚೀಸ್ ಇತ್ತು, ಅಷ್ಟೇ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮೇ ರಜೆಯಲ್ಲಿ ಬೆಂಗಳೂರಿನಿಂದ ನೆಂಟರು ಬರುವವರಿದ್ದರು, 12 ಜನ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಾತಾಡುತ್ತಾ ತಿನ್ನಲು ಏನಾದರೂ ಬೇಕಲ್ವಾ? ಚೀಸ್ ಬೋರ್ಡ್ ಮಾಡೋಣ ಅಂದುಕೊಂಡೆ, ಅಂದರೆ ಒಂದು ಹಲಗೆಯ ಮೇಲೆ ಬಗೆಬಗೆಯ ಚೀಸ್, ಹಣ್ಣು, ಕುರುಕಲು ಜೋಡಿಸಿಡುವುದು. ಇದು ನನ್ನ ಎರಡನೇ ಪ್ರಯತ್ನ.

ಮೊದಲನೆಯದು ಪೂರ್ತಿ ಕೆಟ್ಟಿತ್ತು. ಚಿತ್ರಗಳಲ್ಲಿ ಕಂಡ ಹಾಗೆ ಅನಾನಸಿನ ಹೋಳುಗಳನ್ನು ಮೆದು ಚೀಸಿನ ಮೇಲೆ ಚಂದ ಜೋಡಿಸಿ ಒಂದೂವರೆ ಗಂಟೆ ಮೊದಲೇ ತಯಾರು ಮಾಡಿಟ್ಟಿದ್ದೆ. ಬಾಯಿಗಿಟ್ಟರೆ ಕಹಿ! ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇರುತ್ತದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಆಗ ಕಹಿ ಬರುತ್ತದೆ. ಪಪ್ಪಾಯಿಯಲ್ಲೂ ಇಂಥದ್ದೇ ಒಂದಿದೆ. ಬಿಸಿ ಮಾಡಿದರೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಈ ಸಲ ಅನಾನಸನ್ನು ಕಾವಲಿಯಲ್ಲಿ ಒಂದು ಚಮಚ ತುಪ್ಪ ಹಾಕಿ, ಅಂಚು ಕಂದಾಗುವಷ್ಟು ಕಾಯಿಸಿ, ಆರಿಸಿ ಇಟ್ಟೆ. ನಿಜ ಹೇಳಬೇಕೆಂದರೆ ಹಸಿಯದಕ್ಕಿಂತ ಅದೇ ರುಚಿ.

ಊಟ ಹೇಗೂ ಇರುವುದರಿಂದ ಒಬ್ಬರಿಗೆ 50 ಗ್ರಾಮಿನಷ್ಟು ಚೀಸ್ ಸಾಕು. ಮಂಗಳೂರಿನಿಂದ ಗೌಡಾ 250 ಗ್ರಾಮ್, ಚೆಡ್ಡಾರ್ 200, ಫೆಟಾ 200 ತಂದೆವು. ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ನೋಡಿಯೇ ತೆಗೆದದ್ದು. ಹಾಲು ಹೆಪ್ಪುಗಟ್ಟಿಸುವ ರೆನೆಟ್ ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯದ್ದು. ಇಟಲಿಯ ಅಸಲಿ ಪಾರ್ಮೆಸಾನ್ ಹಾಗೆಯೇ ಮಾಡುವುದು. ನಮ್ಮ ಮನೆಯಲ್ಲಿ ಅದು ನಡೆಯುವ ಮಾತಲ್ಲ.

ಬೋರ್ಡಿಗೆ ಊಟದ ಮಣೆ ತೆಗೆಯಲು ಹೋಗಿದ್ದೆ. "ಕೂರುವ ಮಣೆಯಲ್ಲಿ ತಿಂಡಿಯಾ?" ಎಂದು ಅಲ್ಲೇ ತಡೆ ಬಿತ್ತು. ಸರಿಯೇ. ಆಚಾರಿ ಬಿಟ್ಟು ಹೋಗಿದ್ದ ಎರಡಡಿ ಹಲಸಿನ ಹಲಗೆಯನ್ನು ಉಜ್ಜಿ ತೊಳೆದು, ಒಣಗಿಸಿ, ತೆಂಗಿನೆಣ್ಣೆ ಸವರಿದೆ. ಮೇಲೆ ಬೆಂಕಿಗೆ ಹಿಡಿದು ಬಾಡಿಸಿದ ಕೊಡಿ ಬಾಳೆಲೆ. ಬಾಡಿಸದಿದ್ದರೆ ಎಲೆ ಸೀಳುತ್ತದೆ.

ಜೋಡಿಸುವಾಗ ಮೊದಲು ಬಟ್ಟಲುಗಳು. ಒಂದರಲ್ಲಿ ಜೇನು, ಒಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಜೇನಿನ ಬಟ್ಟಲನ್ನು ನೀರು ಹಾಕಿದ ತಟ್ಟೆಯಲ್ಲಿ ಇಡಬೇಕು, ಇಲ್ಲದಿದ್ದರೆ ನೆಂಟರಿಗಿಂತ ಮೊದಲು ಇರುವೆಗಳು ಬರುತ್ತವೆ. ಆಮೇಲೆ ಚೀಸ್, ಮೂರೂ ಮೂರು ಮೂಲೆಯಲ್ಲಿ. ಗೌಡಾ ತ್ರಿಕೋನ, ಚೆಡ್ಡಾರ್ ಚೌಕ, ಫೆಟಾ ಸುಮ್ನೆ ಪುಡಿಪುಡಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕತ್ತರಿಸಿದರೆ ಅಂಚು ನೀಟಾಗಿ ಬರುತ್ತದೆ. ತಿನ್ನುವ ಮೊದಲು ಒಂದು ಗಂಟೆ ಹೊರಗಿಡಿ ಎನ್ನುವುದು ತಂಪು ದೇಶದವರ ಲೆಕ್ಕ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಮುಂಚಿನ ನಮ್ಮ ಸೆಕೆಯಲ್ಲಿ 15 ನಿಮಿಷಕ್ಕೇ ಚೀಸ್ ಬೆವರುತ್ತದೆ, ಕೊಬ್ಬು ಹೊರಗೆ ಬಂದು ಮಿನುಗುತ್ತದೆ. 32 ಡಿಗ್ರಿ ದಾಟಿದರೆ ಒಂದು ಗಂಟೆಗಿಂತ ಜಾಸ್ತಿ ಹೊರಗಿಡಲೇಬಾರದು. ನಾನು ಅರ್ಧವನ್ನು ಫ್ರಿಜ್ಜಿನಲ್ಲೇ ಉಳಿಸಿ, ಖಾಲಿಯಾದ ಹಾಗೆ ತುಂಬಿಸಿದೆ.

ಹಣ್ಣಿನ ಸಾಲು ಕೊನೆಗೆ. ಬಣ್ಣದ ಕೆಲಸ ಇರುವುದು ಅಲ್ಲೇ. ಬಕ್ಕೆ ಹಲಸಿನ ಸೊಳೆಯನ್ನು ಉದ್ದಕ್ಕೆ ಸೀಳಿ ಬಾಗಿಸಿಟ್ಟರೆ ಚಿನ್ನದ ಬಣ್ಣ. ಆದರೆ ಅದರ ವಾಸನೆ ಎಲ್ಲದಕ್ಕೂ ಹತ್ತುತ್ತದೆ, ಹಾಗಾಗಿ ಒಂದು ತುದಿಯಲ್ಲಿ, ಉಪ್ಪುಪ್ಪಾದ ಫೆಟಾದ ಪಕ್ಕ ಮಾತ್ರ. ಗುಲಾಬಿ ಜಂಬುನೇರಳೆ, ಮಾವು, ನಡುವೆ ಕಪ್ಪು ದ್ರಾಕ್ಷಿ. ಅಂಗಡಿಯಿಂದ ತಂದ ಹಣ್ಣು ಅದೊಂದೇ. ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಇಟ್ಟೆ. ನೀರು ಹರಿದರೆ ಚೀಸ್ ಲೊಳೆಯಾಗುತ್ತದೆ. ಕದಳಿ ಬಾಳೆಹಣ್ಣು ಕಪ್ಪಾಗುವುದರಿಂದ ಕತ್ತರಿಸಲೇ ಇಲ್ಲ. ಉಳಿದ ಸಂದುಗಳಿಗೆ ಹುರಿದ ಗೇರುಬೀಜ.

ಬಿಸ್ಕತ್ತಿನ ಬದಲು ಹಲಸಿನ ಹಪ್ಪಳ ಮತ್ತು ನೇಂದ್ರ ಚಿಪ್ಸ್ ಇಟ್ಟೆ. ಹಪ್ಪಳ ಬೋರ್ಡಿನ ಮೇಲಲ್ಲ, ಪಕ್ಕದ ಡಬ್ಬಿಯಲ್ಲಿ. ಹೊರಗಿಟ್ಟರೆ ಹತ್ತೇ ನಿಮಿಷದಲ್ಲಿ ಮೆತ್ತಗೆ. ಕುಡಿಯಲು ಪುನರ್ಪುಳಿ (ಕೋಕಂ) ಶರಬತ್ತು.

ಮೊದಲು ಖಾಲಿಯಾದದ್ದು ಹಪ್ಪಳ. ಫೆಟಾವನ್ನು ಮಕ್ಕಳು ಮೂಸಿ ನೋಡಿ ಬಿಟ್ಟರು. ಗೌಡಾದ ತುಂಡಿಗೆ ಅಪ್ಪೆಮಿಡಿಯ ರಸ ಮುಟ್ಟಿಸಿ ತಿನ್ನುವುದನ್ನು ಶುರು ಮಾಡಿದವರು ಅತ್ತೆ. ನೋಡಿ ಉಳಿದವರೂ ಹಾಗೇ ಮಾಡಿದರು, ಜೇನಿನ ಬಟ್ಟಲು ಹಾಗೇ ಉಳಿಯಿತು. ಮಿಕ್ಕ ಚೆಡ್ಡಾರನ್ನು ಮರುದಿನ ತುರಿದು ನೀರುದೋಸೆಗೆ ಹಾಕಿದೆವು. ಬಾಳೆಲೆ, ಹಣ್ಣಿನ ಸಿಪ್ಪೆ ಎಲ್ಲ ಹಟ್ಟಿಯ ದನಕ್ಕೆ ಹೋಯಿತು.