ಮರೆವಿನ ಅಮ್ಮನನ್ನು ನೋಡಲು ಹೋಗುವಾಗ

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಅಮ್ಮನನ್ನು ನೋಡಲು ಹೋಗುವುದಾದರೆ ಬೆಳಿಗ್ಗೆ 10ರಿಂದ 12ರ ಒಳಗೆ ಹೋಗಿ. ಸ್ನಾನ, ತಿಂಡಿ ಮುಗಿದು ಮನಸ್ಸು ಹಗುರಾಗಿರುವ ಹೊತ್ತು ಅದು. ಸಂಜೆಯಾಗುತ್ತಾ ಬಂದಂತೆ ಅನೇಕರಿಗೆ ಚಡಪಡಿಕೆ ಶುರುವಾಗುತ್ತದೆ; ತಮ್ಮದೇ ಮನೆಯಲ್ಲಿ ಕೂತು ‘ಮನೆಗೆ ಹೋಗಬೇಕು’ ಅನ್ನುತ್ತಾರೆ. ಹಬ್ಬದ ನೆಪದಲ್ಲಿ ಆ ಹೊತ್ತಿಗೆ ನೆಂಟರೆಲ್ಲ ಒಟ್ಟಿಗೆ ನುಗ್ಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ, ಅವರ ಜೊತೆ ಎದ್ದಿರಬೇಕಾದವರು ಮನೆಯ ಸೊಸೆಯೋ ಮಗಳೋ. ಇಬ್ಬಿಬ್ಬರಾಗಿ ಹೋಗಿ, ಮುಕ್ಕಾಲು ಗಂಟೆ ಸಾಕು. ನೋಡಿಕೊಳ್ಳುವವರು ಅಂಗಡಿಗೋ ದೇವಸ್ಥಾನಕ್ಕೋ ಹೋಗಿಬರಲಿ ಎಂದು ಅಷ್ಟು ಹೊತ್ತು ನೀವೇ ಹೊಣೆ ಹೊತ್ತರೆ ಹಣ್ಣಿನ ಬುಟ್ಟಿಗಿಂತ ದೊಡ್ಡ ಉಪಕಾರ.

ಹೋದ ಕೂಡಲೇ ಟಿವಿ ಆರಿಸಿ. ಕನ್ನಡಕ ಒರೆಸಿ ಹಾಕಿ, ಕಿವಿಯ ಮೆಷಿನ್ ಇದ್ದರೆ ಬ್ಯಾಟರಿ ನೋಡಿ. ಗುರುತು ಸಿಗಲಿಲ್ಲ ಎಂದು ನಾವು ಕೊರಗುವಾಗ ಎಷ್ಟೋ ಸಲ ಅವರಿಗೆ ನಮ್ಮ ಮುಖ ಸರಿಯಾಗಿ ಕಂಡೇ ಇರುವುದಿಲ್ಲ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಎದುರಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ‘ಅಮ್ಮಾ, ನಾನು ನಿನ್ನ ಮಗಳು ಸುಮಾ, ಮೈಸೂರಿಂದ ಬಂದೆ’ ಎಂದು ನೀವೇ ಹೇಳಿಬಿಡಿ. ಅವರು ನಿಂತಿರುವಾಗ ಕಾಲಿಗೆ ನಮಸ್ಕಾರ ಬೇಡ. ಯಾರೋ ಕಾಲು ಹಿಡಿದರೆಂದು ಬೆಚ್ಚಿ ಹಿಂದಕ್ಕೆ ಬೀಳಬಹುದು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ.

‘ನಾನ್ಯಾರು ಹೇಳು ನೋಡೋಣ?’ ದಯವಿಟ್ಟು ಇದನ್ನು ಕೇಳಬೇಡಿ. ‘ಬೆಳಿಗ್ಗೆ ಏನು ತಿಂದೆ?’ ಅನ್ನುವುದೂ ಅವರಿಗೆ ಪರೀಕ್ಷೆಯೇ. ಹೊಸ ನೆನಪು ಮೊದಲು ಅಳಿಸುತ್ತದೆ, ಹಳೆಯದು ಹೆಚ್ಚು ದಿನ ಉಳಿಯುತ್ತದೆ. ಹಾಗಾಗಿ ತವರುಮನೆ, ಬಾವಿ, ಹಿತ್ತಲಿನ ಸಂಪಿಗೆ ಮರದ ಮಾತನ್ನು ನೀವೇ ತೆಗೆದು, ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ತೀರಿಕೊಂಡ ಅಪ್ಪನ ಬಗ್ಗೆ ‘ಇನ್ನೂ ಬಂದಿಲ್ಲವಾ?’ ಎಂದು ಅಮ್ಮ ಕೇಳಿದರೆ ಸಾವಿನ ಸುದ್ದಿ ತಿಳಿಸಲು ಹೋಗಬೇಡಿ. ಪ್ರತಿ ಸಲವೂ ಅವರಿಗೆ ಅದು ಹೊಸ ದುಃಖ. ‘ಅಪ್ಪನ ನೆನಪಾಯ್ತಾ ಅಮ್ಮಾ? ಅವರಿಗೆ ನಿನ್ನ ಕೈ ಹುಳಿ ಅಂದರೆ ಪ್ರಾಣ’ ಎಂದು ಕೈ ಹಿಡಿದುಕೊಳ್ಳಿ.

ಮಾತು ಕಡಿಮೆಯಾದವರ ಕೈಗೆ ಕೆಲಸ ಕೊಡಿ. ರೂಢಿಯ ಕೆಲಸ ಮಾತಿಗಿಂತ ತಡವಾಗಿ ಮರೆಯುತ್ತದೆ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಕಣ್ಣು ಕುಕ್ಕುತ್ತದೆ, ಆದ್ದರಿಂದ ಬಿಳಿ ಪಂಚೆ ಹಾಸಿ ಎರಡು ಹಿಡಿ ಅವರೆಕಾಯಿ ಸುರಿಯಿರಿ; ಹಸಿರು ಎದ್ದು ಕಾಣುತ್ತದೆ. ಮೊದಲ ಕಾಯಿಯನ್ನು ನೀವು ಸುಲಿದು ತೋರಿಸಿ, ಎರಡನೆಯದನ್ನು ಅವರ ಬೆರಳಿಗೆ ಕೊಡಿ, ಆಮೇಲೆ ಸುಮ್ಮನೆ ಜೊತೆಗೆ ಸುಲಿಯುತ್ತಿರಿ. ಕಾಳು ಸಿಪ್ಪೆ ಬೆರೆಸಿದರೆ ತಿದ್ದಬೇಡಿ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬಂದಿದ್ದರೆ ಅವರೆ ಬೇಡ, ಒಗೆದ ಬಟ್ಟೆ ಮಡಚಲು ಕೊಡಿ.

ತಿಂಡಿ ತರುವವರು ಚಕ್ಕುಲಿ, ಕೋಡುಬಳೆ, ಕಡಲೆಕಾಯಿ ಬಿಡಿ. ನುಂಗುವ ಶಕ್ತಿ ಕುಂದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಳಿತ ಬಾಳೆಹಣ್ಣು, ಮೆತ್ತಗಿನ ಕೇಸರಿಬಾತು ಒಳ್ಳೆಯದು. ನೆಟ್ಟಗೆ ಕೂರಿಸಿ, ಅರ್ಧರ್ಧ ಚಮಚ ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನದು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ಹೊರಡುವುದು ಊಟ ಬಡಿಸುವ ಹೊತ್ತಿಗೆ. ಬ್ಯಾಗನ್ನು ಮೊದಲೇ ಹೊರಗಿಟ್ಟಿರಿ. ಕಣ್ಣಿಗೆ ಬಿದ್ದರೆ ‘ನಾನೂ ಬರ್ತೀನಿ’ ಎಂದು ಹೊರಟು ನಿಲ್ಲುತ್ತಾರೆ. ‘ಊಟ ಮಾಡಮ್ಮಾ, ಬರ್ತೀನಿ’ ಅಂದರೆ ಸಾಕು, ಬಾಗಿಲಲ್ಲಿ ನಿಂತು ಅಳಬೇಡಿ.

ಕಳೆದ ಸಲ ಚೆನ್ನಾಗಿದ್ದವರು ಒಂದೆರಡು ದಿನದಲ್ಲೇ ತೀರಾ ಗೊಂದಲಕ್ಕೆ ಬಿದ್ದಿದ್ದರೆ ಅಥವಾ ಮಂಪರಾಗಿದ್ದರೆ ಕಾಯಿಲೆ ಹೆಚ್ಚಿತೆಂದು ಕೈಕಟ್ಟಿ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸದಾಗಿ ಶುರುಮಾಡಿದ ಮಾತ್ರೆ, ಇವುಗಳಿಂದಲೂ ಹಾಗಾಗುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಅದೇ ದಿನ ಡಾಕ್ಟರಿಗೆ ತೋರಿಸಿ. ಯಾವಾಗಿನಿಂದ ಬದಲಾದರು, ಯಾವ ಮಾತ್ರೆ ನಡೆಯುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.