ಕೂಡದ ತೋಳಿನ ಎಲುಬು: ಹಿರಿಯರ ಶಸ್ತ್ರಚಿಕಿತ್ಸೆಗೆ ಮನೆಯವರ ಸಿದ್ಧತೆ

ಮುರಿದ ತೋಳಿನ ಎಲುಬು ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಆರು ತಿಂಗಳಾದರೂ ಕೂಡದೆ, ಎಕ್ಸ್‌ರೇಯಲ್ಲಿ ಬಿರುಕು ಹಾಗೆಯೇ ಉಳಿದು, ಮುರಿದ ಜಾಗದಲ್ಲಿ ತೋಳು ಅಲುಗಾಡುತ್ತಿದ್ದರೆ, ಮತ್ತೊಮ್ಮೆ ಪಟ್ಟಿ ಕಟ್ಟಿಸಿ ಕಾಯುವುದರಿಂದ ಪ್ರಯೋಜನವಿಲ್ಲ. ನೋವು ಕಡಿಮೆಯಾಯಿತೆಂದು ಸುಮ್ಮನಿರಬಾರದು. ರೊಟ್ಟಿ ಬಡಿಯಲು ಕುಳಿತ ಅಜ್ಜಿ ಮುರಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದೆತ್ತಿ ಪರಾತದ ಮೇಲೆ ಇಡುತ್ತಿದ್ದರೆ ಎಲುಬು ಇನ್ನೂ ಕೂಡಿಲ್ಲವೆಂದು ಅನುಮಾನಿಸಬೇಕು.

ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಕಾಲೇಜಿನ ಎಲುಬು-ಕೀಲು ವಿಭಾಗಕ್ಕೆ ಹೋಗುವಾಗ ಮೊದಲ ದಿನದ ಎಕ್ಸ್‌ರೇಯಿಂದ ಹಿಡಿದು ಎಲ್ಲವನ್ನೂ, ಜೊತೆಗೆ ದಿನವೂ ನುಂಗುವ ಮಾತ್ರೆಗಳನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಆಯುಷ್ಮಾನ್ ಯೋಜನೆಯ ನೆರವಿಗೆ ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ವಿಚಾರಿಸಿರಿ.

ಎಲುಬನ್ನು ಹಿಡಿದಿಡಲು ಹಾಕುವ ಲೋಹದ ಪ್ಲೇಟಿನ ಬೆಲೆ ಕೇಳುವ ಮೊದಲು ಎಲುಬು ಏಕೆ ಕೂಡಲಿಲ್ಲ ಎಂದು ಕೇಳಬೇಕು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಕಟ್ಟು ಸಡಿಲವಾಗಿತ್ತೇ, ಒಳಗೆ ಸೋಂಕಿದೆಯೇ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಡಿ ಜೀವಸತ್ವ ಕಡಿಮೆಯಿದೆಯೇ ಎಂಬುದಕ್ಕೆ ಉತ್ತರ ಸಿಗದೆ ಪ್ಲೇಟು ಹಾಕಿದರೆ ಅದೂ ಸಡಿಲಗೊಳ್ಳಬಹುದು. ಬೀಡಿಯನ್ನೂ ಗುಟಕಾವನ್ನೂ ಬಿಡಿಸಲೇಬೇಕು. ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ರೂಢಿಯಿರುವ ತಾಯಂದಿರು ಅದನ್ನು ಚಟವೆಂದು ಎಣಿಸುವುದೇ ಇಲ್ಲವಾದ್ದರಿಂದ ನೀವೇ ವೈದ್ಯರಿಗೆ ತಿಳಿಸಿರಿ.

ಶಸ್ತ್ರಚಿಕಿತ್ಸೆಯಲ್ಲಿ ಮುರಿದ ಎಲುಬಿನ ತುದಿಗಳ ನಡುವೆ ಬೆಳೆದ ನಾರಿನಂಥ ಊತಕವನ್ನು ತೆಗೆದು, ಸೋಂಕಿನ ಪರೀಕ್ಷೆಗೆ ಮಾದರಿ ಕಳಿಸಿ, ರಕ್ತ ಒಸರುವ ಜೀವಂತ ಎಲುಬು ಕಾಣುವವರೆಗೆ ತುದಿಗಳನ್ನು ಸವರಿ, ಎರಡನ್ನೂ ಒತ್ತಿ ಹಿಡಿದು ಪ್ಲೇಟು ಕೂರಿಸುತ್ತಾರೆ. ವಯಸ್ಸಾದವರ ಟೊಳ್ಳಾದ ಎಲುಬಿನಲ್ಲಿ ಸಾಮಾನ್ಯ ಸ್ಕ್ರೂ ಹಿಡಿತ ಕಳೆದುಕೊಳ್ಳುವುದರಿಂದ, ಪ್ಲೇಟಿಗೇ ಬಿಗಿಯಾಗಿ ಕಚ್ಚಿಕೊಳ್ಳುವ ಲಾಕಿಂಗ್ ಸ್ಕ್ರೂಗಳನ್ನೂ ಉದ್ದನೆಯ ಪ್ಲೇಟನ್ನೂ ಬಳಸುವುದು ಲೇಸು. ಬಹಳ ಸಲ ಸೊಂಟದ ಎಲುಬಿನ ಚೂರುಗಳನ್ನು ತೆಗೆದು ಅಲ್ಲಿ ತುಂಬುತ್ತಾರೆ. ತೋಳು ಸ್ವಲ್ಪ ಗಿಡ್ಡಾದರೂ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ.

ಎಲುಬಿಗೆ ಅಂಟಿಕೊಂಡಂತೆ ಸಾಗುವ ರೇಡಿಯಲ್ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬೀಳುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯು ಮಣಿಕಟ್ಟನ್ನೂ ಹೆಬ್ಬೆರಳನ್ನೂ ಮೇಲೆತ್ತಬಲ್ಲರೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ ಬರೆಸಿಕೊಳ್ಳಿ.

ಹಾಸಿಗೆ ಹಿಡಿದಿರುವ, ನೋವಿಲ್ಲದ, ಹೃದಯ ತೀರ ದುರ್ಬಲವಾಗಿರುವ ಹಿರಿಯರಿಗೆ ತೋಳಿಗೆ ಹೊರಗಿನಿಂದ ಆಸರೆಯಾಗಿ ಕಟ್ಟುವ ಬ್ರೇಸಿನಲ್ಲೇ ದಿನ ಕಳೆಯುವುದು ಒಳ್ಳೆಯದೆಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿರಿ.

ಮನೆಗೆ ಬಂದ ಮೇಲೆ ಬೆರಳು, ಮಣಿಕಟ್ಟು, ಮೊಣಕೈಗಳನ್ನು ವೈದ್ಯರು ಹೇಳಿದ ದಿನದಿಂದಲೇ ಆಡಿಸಬೇಕು. ಹೊರಸಿನಿಂದ ಏಳುವಾಗ ಆ ಕೈಯನ್ನು ಊರಿ ಭಾರ ಹಾಕುವುದು, ಕೊಡ ಎತ್ತುವುದು ಎಕ್ಸ್‌ರೇಯಲ್ಲಿ ಕೂಡಿಕೆ ಕಾಣುವವರೆಗೂ ಬೇಡ. ಗಾಯದಿಂದ ಕೀವು ಬಂದರೆ, ಜ್ವರ ಬಂದರೆ, ಮಣಿಕಟ್ಟು ಹೊಸದಾಗಿ ಜೋತುಬಿದ್ದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.